ಅರ್ಧಾಯುಷ್ಯ

ಶವಪೆಟ್ಟಿಗೆಯ ಹಿಡಿಗೆ ಕೈಹಾಕಿದ ಪಕ್ಕದ ಮನೆಯವನು ಥಟ್ಟನೆ ಕೈ ಹಿಂತೆಗೆದುಕೊಂಡ.

“ಕೇಳ್ತೀನಿ ಅಂತ ಬೇಜಾರು ಮಾಡ್ಕೋಬೇಡಿ ಅಕ್ಕ. ಇವರ ಮೈಯಲ್ಲಿ ಅದೇನೋ ವಿಕಿರಣ ಇತ್ತಂತಲ್ಲ... ಈಗಲೂ ಇರುತ್ತಾ?”

ಸುತ್ತ ನಿಂತವರು ನೆಲ ನೋಡಿದರು.

“ಯಾವತ್ತೂ ಇರಲಿಲ್ಲಪ್ಪ,” ಎಂದಳು ಸತ್ತವನ ಹೆಂಡತಿ. “ಹೇಳಿ ಹೇಳಿ ನನ್ನ ಬಾಯಿ ಸೋತುಹೋಯ್ತು. ಅವರೇ ನಂಬಲಿಲ್ಲ, ಇನ್ನು ನೀವೆಲ್ಲಿ ನಂಬ್ತೀರಿ?”

ಮಗಳು ಮುಂದೆ ಬಂದು ಆ ಹಿಡಿಯನ್ನು ತಾನೇ ಹಿಡಿದಳು.

*

ಪೈಪುಗಳ ಬೆಸುಗೆಯೊಳಗೆ ಬಿರುಕಿದೆಯೇ ಎಂದು ಇರಿಡಿಯಂ ಎಂಬ ವಿಕಿರಣ ಲೋಹದ ಕಿರಣ ಹಾಯಿಸಿ ನೋಡುವುದು ಅವನ ಕೆಲಸವಾಗಿತ್ತು. ಒಂದು ಮಧ್ಯಾಹ್ನ ಆ ಇರಿಡಿಯಂ ಚೂರು ಅದನ್ನು ಹಿಡಿದಿದ್ದ ತಂತಿಯ ತುದಿಯಿಂದ ಕಳಚಿ ಬಿತ್ತು. ಪಕ್ಕದಲ್ಲೇ ಕೂಲಿಯವರು ಬುತ್ತಿ ಬಿಚ್ಚುತ್ತಿದ್ದರು. “ಏಳ್ರೋ, ಓಡ್ರೋ!” ಎಂದು ಕೂಗಿದ, ತಮಾಷೆಯೆಂದು ಅವರು ನಕ್ಕರು. ಉದ್ದನೆಯ ಇಕ್ಕಳ ಇದ್ದದ್ದು ದೂರದ ಗಾಡಿಯಲ್ಲಿ. ಅವನು ಬರಿಗೈಯಲ್ಲೇ ಎತ್ತಿ ಸೀಸದ ಪೆಟ್ಟಿಗೆಗೆ ಹಾಕಿಬಿಟ್ಟ.

ಕೆಲವು ದಿನಗಳಲ್ಲಿ ಬೆರಳುಗಳು ಬೊಬ್ಬೆಯೆದ್ದವು. ಕೊನೆಗೆ ಎರಡನ್ನು ಕತ್ತರಿಸಬೇಕಾಯಿತು.

“ಕಿರಣ ಸುಟ್ಟಿದೆ, ಅಷ್ಟೇ. ಬೆಂಕಿ ತಾಗಿದವನು ಬೆಂಕಿ ಆಗ್ತಾನೇನ್ರೀ?” ಎಂದರು ಡಾಕ್ಟರು. “ಆ ಚೂರೂ ಹಾಗೇ ಇರಲ್ಲ. ಎರಡೂವರೆ ತಿಂಗಳಿಗೊಮ್ಮೆ ಅದರ ಕಸುವು ಅರ್ಧಕ್ಕಿಳಿಯುತ್ತೆ. ಹೆಚ್ಚಿನದೆಲ್ಲ ಪ್ಲಾಟಿನಂ ಆಗುತ್ತೆ.”

“ಅರ್ಧ, ಆಮೇಲೆ ಅರ್ಧದ ಅರ್ಧ... ಪೂರ್ತಿ ಮುಗಿಯೋದು ಯಾವಾಗ?”

“ಲೆಕ್ಕದ ಪ್ರಕಾರ ಮುಗಿಯೋದೇ ಇಲ್ಲ. ಆದ್ರೆ ಕೆಲವೇ ವರ್ಷಕ್ಕೆ ಇದ್ದೂ ಇಲ್ಲದ ಹಾಗೆ.”

ಅವನ ಮನಸ್ಸಿಗೆ ಇಳಿದದ್ದು ‘ಮುಗಿಯೋದೇ ಇಲ್ಲ’ ಎಂಬ ಮಾತು ಮಾತ್ರ. ಮನೆಗೆ ಬಂದವನೇ ಹಾಸಿಗೆಯನ್ನು ಸಾಮಾನಿನ ಕೋಣೆಗೆ ಒಯ್ದ. ಆಗಷ್ಟೇ ನಡೆಯಲು ಕಲಿತ ಮಗಳು ತಟಪಟ ಓಡಿಬಂದರೆ, “ಅಲ್ಲೇ ನಿಂತ್ಕೋ ಪುಟ್ಟಿ,” ಎನ್ನುತ್ತಿದ್ದ. ದೊಡ್ಡವಳಾದಂತೆ ಅವಳು ತಾನಾಗಿಯೇ ನಿಲ್ಲತೊಡಗಿದಳು. ಆಮೇಲೆ ಬರುವುದನ್ನೇ ಬಿಟ್ಟಳು.

*

ಮಣ್ಣು ಮಾಡಿ ಬಂದವರೆಲ್ಲ ಹೊರಟುಹೋದರು.

“ನಾನು ಹುಟ್ಟಿದ್ದೇ ಅಪ್ಪಂಗೆ ಇಷ್ಟವಿರಲಿಲ್ಲ ಅಂದ್ಕೊಂಡಿದ್ದೆ,” ಎಂದಳು ಮಗಳು.

ಅಮ್ಮ ದೀಪ ಹಾಕಲು ಒಳಗೆ ಹೋದಳು.

ಮಗಳು ಸಾಮಾನಿನ ಕೋಣೆಯ ಬಾಗಿಲು ತೆರೆದಳು. ಕಿಟಕಿಯ ಕಡೆ ಬೇಕಾದಷ್ಟು ಜಾಗವಿತ್ತು. ಮಂಚ ಮಾತ್ರ ಎದುರು ಗೋಡೆಗೆ ಒತ್ತಿಕೊಂಡಿತ್ತು. ಕೂತವನ ತಲೆಯ ಎತ್ತರದಲ್ಲಿ ಸುಣ್ಣ ಸವೆದು ಎಣ್ಣೆಗಪ್ಪಿನ ಗುಂಡನೆ ಕಲೆಯಾಗಿತ್ತು. ಅವಳು ಮಂಚದ ಮೇಲೆ ಕೂತು ಅಲ್ಲಿಗೆ ಕಿವಿಯಿಟ್ಟಳು. ಗೋಡೆಯಾಚೆ, ಅವಳು ಬಾಲ್ಯದಿಂದ ಮಲಗುತ್ತಿದ್ದ ಕೋಣೆಯಲ್ಲಿ, ಅಮ್ಮ ಹೊದಿಕೆ ಕೊಡವುವ ಸದ್ದು ಪಕ್ಕದಲ್ಲೇ ಇದ್ದಂತೆ ಕೇಳಿಸಿತು.