ಜೋಡಿ ನರ

ಮಗಳನ್ನು ನೋಡಲು ಐರ್ಲೆಂಡಿನ ಕಿಲ್ಕೆನ್ನಿಗೆ ಬಂದಿದ್ದ ಬಸಲಿಂಗಮ್ಮನವರ ಕಾಲಿನ ನರಗಳು ಉಬ್ಬಿಕೊಂಡಿದ್ದವು. ಮಗಳು ಪ್ರಕೃತಿ ತಾನು ಕೆಲಸ ಮಾಡುವ ಕ್ಲಿನಿಕ್ಕಿನಲ್ಲೇ ಅವರನ್ನು ಸ್ಟೂಲಿನ ಮೇಲೆ ನಿಲ್ಲಿಸಿ ಸ್ಕ್ಯಾನ್ ಮಾಡಿದಳು. ಸಾಮಾನ್ಯವಾಗಿ ಒಂದೇ ಇರುವ ಉದ್ದನೆಯ ನರ ಅಮ್ಮನ ತೊಡೆಯಲ್ಲಿ ಎರಡಿತ್ತು!

"ಹಂಗೇ ನಿಂತಿರಮ್ಮ, ಗ್ರ್ಯಾಂಡ್!" ಎಂದು ಅಲ್ಲಿಯವರ ಹಾಗೆ ಉದ್ಗರಿಸಿದವಳೇ ಕ್ಲಿನಿಕ್ಕಿನಲ್ಲಿ ಕಲಿಯಲು ಬಂದಿದ್ದ ವಿದ್ಯಾರ್ಥಿಗಳನ್ನೆಲ್ಲ ಕೂಗಿ ಕರೆದಳು. ಅಮ್ಮನನ್ನು ಒಂದು ಮಾತು ಕೇಳಬೇಕೆಂದು ಅವಳಿಗೆ ಹೊಳೆಯಲೇ ಇಲ್ಲ. ಹುಡುಗರು, ಹುಡುಗಿಯರು ಬಂದು ಪರದೆಗೆ ಮುಗಿಬಿದ್ದರು. ಬಚ್ಚಲಿನ ಹೊರಗೆ ಎಂದೂ ಸೀರೆಯನ್ನು ಮೊಣಕಾಲು ದಾಟಿಸದ ಬಸಲಿಂಗಮ್ಮ ತೊಡೆ ಬಿಟ್ಟುಕೊಂಡು ನಿಂತೇ ಇದ್ದರು.

ಎಲ್ಲರೂ ಹೋದ ಮೇಲೆ ಸೀರೆ ಇಳಿಸುತ್ತ ಮೆಲ್ಲಗೆ ಕೇಳಿದರು: "ಸೆರಗಲ್ಲಿ ಮುಖ ಮುಚ್ಕೊಂಡಿದ್ದೆ ಕಣೇ. ಅವ್ರಿಗೆ ಕಾಣ್ಲಿಲ್ಲ ತಾನೇ?"

ಪ್ರಕೃತಿ ತಲೆ ತಗ್ಗಿಸಿದಳು. ಅಮ್ಮನ ಮುಖವನ್ನು ಅವಳೂ ನೋಡಿರಲಿಲ್ಲ.