ಕೌಂಟರಿನಾಚೆ ಅತ್ತೆ

"ಮುಂದಿನವರು ಬನ್ನಿ," ಎಂದು ತಲೆಯೆತ್ತದೆಯೇ ಕರೆದ ಗುಮಾಸ್ತನ ಎದುರಿಗೆ ಬಂದು ಕೂತದ್ದು ಅವನ ಅತ್ತೆ. ಬೆಳಿಗ್ಗೆ ಮನೆಯಲ್ಲಿ ಕಾಫಿ ಕೊಟ್ಟು ಕಳಿಸಿದವರು ಈಗ ಹೊರಗೆ ಹೋಗುವಾಗಿನ ಒಳ್ಳೆಯ ಚಪ್ಪಲಿ ಮೆಟ್ಟಿಕೊಂಡು, ಟೋಕನ್ ಚೀಟಿಯನ್ನು ಮೇಜಿನ ಮೇಲಿಟ್ಟು, ಗುರುತು ಪರಿಚಯವಿಲ್ಲದ ಗಿರಾಕಿಯಂತೆ ಗಂಟಲು ಸರಿಮಾಡಿಕೊಂಡರು.

"ಅತ್ತೆ, ಇದೇನು ಇಲ್ಲಿ? ಮನೇಲೇ ಹೇಳಬಹುದಿತ್ತಲ್ಲ?"

"ಮನೇಲಿ ನೀವು ಅಳಿಯ. ಇಲ್ಲಿ ಷೇರು ಆಫೀಸಿನವರು. ವ್ಯವಹಾರ ಅದರ ಜಾಗದಲ್ಲೇ ಆಗ್ಲಿ." ಅತ್ತೆ ಚೀಲದಿಂದ ಬಾಂಡಿನ ಕಾಗದಗಳನ್ನು ತೆಗೆದಿಟ್ಟರು. "ಇವನ್ನೆಲ್ಲ ಮಾರಿಬಿಡಿ. ಬಂದದ್ದಕ್ಕೆಲ್ಲ ಆ ಬ್ಯಾಟರಿ ಕಂಪನಿ ಷೇರು ಕೊಂಡುಕೊಡಿ."

ಅವನು ಕೈಯಲ್ಲಿದ್ದ ಪೆನ್ನನ್ನು ಕೆಳಗಿಟ್ಟ. ಅತ್ತೆ ದೊಡ್ಡಾಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ ನರ್ಸಾಗಿ ಆಯುಷ್ಯ ಸವೆಸಿದವರು. ನಿವೃತ್ತಿಯಾದಾಗ ಕೈಗೆ ಬಂದದ್ದನ್ನೆಲ್ಲ ಸರ್ಕಾರಿ ಬಾಂಡಿಗೆ ಹಾಕಿ, ಅದರ ಬಡ್ಡಿಯಲ್ಲಿ ಯಾರ ಹಂಗಿಗೂ ಬೀಳದೆ ಇದ್ದರು. ಮಗಳ ಮನೆಯಲ್ಲಿದ್ದರೂ ತಮ್ಮ ಪಾಲಿನ ಖರ್ಚು ಕೊಡದ ತಿಂಗಳಿಲ್ಲ. ಅವರಿಗಿದ್ದ ಆಸೆ ಒಂದೇ. ಆಸ್ಪತ್ರೆಯಿಂದ ಬೇಗ ಮನೆಗೆ ಕಳಿಸಿಬಿಟ್ಟ ರೋಗಿಗಳನ್ನು ಗಾಯ ಮಾಯುವವರೆಗೆ ಇಟ್ಟುಕೊಂಡು ನೋಡಿಕೊಳ್ಳಲು ಮೂರು ಮಂಚದ ಒಂದು ಜಾಗ.

ಬ್ಯಾಟರಿ ಕಂಪನಿಯ ಹುಚ್ಚು ಹತ್ತಿಸಿದವನೂ ಅವನೇ. ಊಟಕ್ಕೆ ಕೂತಾಗಲೆಲ್ಲ, "ಈ ಷೇರು ಎಲ್ಲಿಗೆ ಹೋಗಿ ನಿಲ್ಲತ್ತೆ ನೋಡ್ತಿರಿ," ಎಂದು ಕೊಚ್ಚಿಕೊಳ್ಳುತ್ತಿದ್ದ. "ಇವರ ಬಾಯಲ್ಲಿ ನಾವೆಲ್ಲ ಯಾವಾಗ್ಲೋ ಸಾಹುಕಾರರಾದ್ವಿ," ಎಂದು ಹೆಂಡತಿ ನಗುತ್ತಿದ್ದಳು. ಅತ್ತೆ ಮಾತ್ರ ನಗದೆ, ತಟ್ಟೆ ನೋಡುತ್ತ ಕೇಳಿಸಿಕೊಳ್ಳುತ್ತಿದ್ದರು.

ಗಾಜಿನ ಕೋಣೆಯೊಳಗಿಂದ ಮ್ಯಾನೇಜರ್ ಕಾಗದದ ಕಟ್ಟನ್ನು ನೋಡಿ ಹುಬ್ಬು ಹಾರಿಸಿದರು. ಆ ತಿಂಗಳು ವ್ಯಾಪಾರ ಸೊರಗಿತ್ತು. ಗುಮಾಸ್ತ ಅರ್ಜಿ ತೆಗೆದ. ಸಹಿಗೆ ಮೊದಲು ಅಪಾಯದ ಹೇಳಿಕೆಯನ್ನು ಗಿರಾಕಿಗೆ ಓದಿ ಹೇಳಬೇಕೆಂಬುದು ನಿಯಮ. ಅವನು ಅದನ್ನು ಮಗ್ಗಿ ಒಪ್ಪಿಸುವ ಹಾಗೆ ಗಡಗಡ ಓದಿ ಮುಗಿಸುತ್ತಿದ್ದ. ಗಿರಾಕಿಗಳೂ ಅಷ್ಟೇ, ಪೆನ್ನು ಹಿಡಿದುಕೊಂಡೇ ತಲೆಯಾಡಿಸುತ್ತಿದ್ದರು. ಇವತ್ತೂ ಹಾಗೇ ಶುರುಮಾಡಿದ.

"ಹೂಡಿಕೆಯ ಬೆಲೆ ಇಳಿಯಬಹುದು, ಹಾಕಿದ ಹಣ ಪೂರ್ತಿ..."

ನಾಲಿಗೆ ತಡವರಿಸಿತು. ಅತ್ತೆ ಒಂದಕ್ಷರವೂ ತಪ್ಪಬಾರದೆಂಬಂತೆ ಮುಂದಕ್ಕೆ ಬಾಗಿ ಕೂತಿದ್ದರು.

"ಪೂರ್ತಿ ಏನು?"

"ಪೂರ್ತಿ ಹೋಗಲೂಬಹುದು."

"ಹೋಗತ್ತಾ?"

"ಗೊತ್ತಿಲ್ಲ, ಅತ್ತೆ."

"ಊಟದ ಹೊತ್ತಲ್ಲಿ ಎಲ್ಲಾ ಗೊತ್ತಿತ್ತಲ್ಲ?"

ಪಕ್ಕದ ಕೌಂಟರಿನವಳು ಕಿಸಕ್ಕೆಂದಳು. "ಅದು ಬರೀ ಬಾಯಿಚಪಲ," ಎಂದ ಮೆಲ್ಲಗೆ. "ನನ್ನದು ಒಂದು ಕಾಸೂ ಅದರಲ್ಲಿಲ್ಲ. ಹಾಕೋಕೆ ಧೈರ್ಯ ಬರ್ಲಿಲ್ಲ."

ಅತ್ತೆಯ ಮುಖ ಬಿಗಿಯಿತು. "ಬಾಂಡು ಕಾಯ್ತಾ ಕೂತ್ರೆ ಈ ಜನ್ಮದಲ್ಲಿ ಮೂರು ಮಂಚ ಹಾಕೋಕಾಗಲ್ಲ. ನನಗೇನು ವಯಸ್ಸು ಇಳೀತಾ ಇದ್ಯಾ? ನನ್ನ ದುಡ್ಡು, ನನ್ನ ಇಷ್ಟ."

"ಇಷ್ಟ ನಿಮ್ಮದೇ. ಮಾರಿ ಅಂದ್ರೆ ಈಗಲೇ ಮಾರ್ತೀನಿ. ಆದ್ರೆ ನನ್ನ ಕೇಳಿದ್ರೆ ಬೇಡ ಅಂತೀನಿ. ಹೋದ್ರೂ ನಿಮ್ಮ ನಿದ್ದೆ ಕೆಡದೆ ಇರೋಷ್ಟು ಹಾಕಿ. ಉಳಿದದ್ದನ್ನ ಮುಟ್ಟಬೇಡಿ."

ಅತ್ತೆ ಅವನನ್ನೇ ದಿಟ್ಟಿಸಿ ನೋಡಿದರು. ಆಮೇಲೆ ಕಟ್ಟಿನಿಂದ ಒಂದೇ ಒಂದು ಕಾಗದ ಎಳೆದು ಅವನತ್ತ ಸರಿಸಿ, ಅಷ್ಟಕ್ಕೆ ಮಾತ್ರ ಸಹಿ ಹಾಕಿ, ಉಳಿದದ್ದನ್ನು ಚೀಲಕ್ಕೆ ತುರುಕಿಕೊಂಡು, ಹೋಗಿಬರುತ್ತೇನೆ ಎಂದೂ ಹೇಳದೆ ಎದ್ದರು. ಮನೆಯಲ್ಲೂ ಕೆಲವು ದಿನ ಮಾತೆಲ್ಲ ಮಗಳ ಮೂಲಕವೇ. "ನಿನ್ನ ಗಂಡನಿಗೆ ಹೇಳು, ಉಪ್ಪು ಅಲ್ಲಿದೆ."

ಬ್ಯಾಟರಿ ಕಂಪನಿ ಬೀಳಲಿಲ್ಲ. ದೊಡ್ಡದೊಂದು ಗುತ್ತಿಗೆ ಸಿಕ್ಕಿ ಷೇರು ಏರತೊಡಗಿತು. ನಡುವೆ ಒಮ್ಮೆ ಮುಗ್ಗರಿಸಿದರೂ ಮತ್ತೆ ಎದ್ದು ವರ್ಷ ತುಂಬುವ ಮೊದಲೇ ಎರಡರಷ್ಟನ್ನು ದಾಟಿತು. "ನಿಮ್ಮತ್ತೆಗೆ ಒಳ್ಳೇ ಉಪಕಾರ ಮಾಡಿದ್ರಿ ಬಿಡಿ," ಎಂದು ಮ್ಯಾನೇಜರ್ ಕುಟುಕಿದರು. ಗುಮಾಸ್ತ ಈಗ ಎಲ್ಲರಿಗೂ ಹೇಳಿಕೆಯನ್ನು ನಿಧಾನವಾಗಿ ಓದುತ್ತಿದ್ದ. ಅದರಿಂದ ಅವನ ಮುಂದಿನ ಸಾಲು ಉದ್ದವಾಗುತ್ತಿದೆ ಎಂಬ ದೂರು ಬೇರೆ. ಊಟಕ್ಕೆ ಕೂತಾಗ ಷೇರಿನ ಮಾತನ್ನೇ ಎತ್ತುತ್ತಿರಲಿಲ್ಲ. ಕೊನೆಗೊಂದು ಸಂಜೆ, ಅಡುಗೆಮನೆಯಲ್ಲಿ ಬೀನ್ಸ್ ಹೆಚ್ಚುತ್ತಿದ್ದ ಅತ್ತೆಯ ಮುಂದೆ ಹೋಗಿ ನಿಂತ.

"ನನ್ನ ಮಾತು ಕೇಳಿ ಕೆಟ್ರಿ ನೀವು. ಇಷ್ಟೊತ್ತಿಗೆ ಮೂರು ಮಂಚದ ಜಾಗ ಆಗಿರ್ತಿತ್ತು."

"ನಾನೂ ಪೇಪರ್ ಓದ್ತೀನಿ," ಎಂದರು ಅತ್ತೆ, ಕೈ ನಿಲ್ಲಿಸದೆ. "ಮೊದಮೊದಲು ನಿಮ್ಮ ಮುಖ ನೋಡೋಕೂ ಮನಸ್ಸಾಗ್ತಿರ್ಲಿಲ್ಲ. ಸುಳ್ಳು ಯಾಕೆ ಹೇಳಲಿ? ಆದ್ರೆ ಒಂದು ಕೇಳ್ತೀನಿ. ಅದು ಏರತ್ತೆ ಅಂತ ಆವತ್ತು ನಿಮಗೆ ಗೊತ್ತಿತ್ತಾ?"

"ಇಲ್ಲ."

"ಮತ್ತೆ? ಥಿಯೇಟರಿನಲ್ಲಿ ಎಷ್ಟೋ ಜನ ಉಳಿದದ್ದು ನೋಡಿದೀನಿ. ಉಳಿದ್ರು ಅಂತ ಅಲ್ಲಿ ಮಾಡಿದ್ದೆಲ್ಲ ಸರಿ ಇತ್ತು ಅನ್ನೋಕಾಗಲ್ಲ. ಕೆಲವರನ್ನ ಅದೃಷ್ಟ ಉಳಿಸ್ತು, ಅಷ್ಟೆ. ಅದನ್ನ ನೆಚ್ಚಿಕೊಂಡು ಮಾರನೇ ದಿನ ಇನ್ನೊಬ್ಬರನ್ನ ಆಪರೇಷನ್ ಮೇಜಿನ ಮೇಲೆ ಮಲಗಿಸೋಕಾಗತ್ತಾ? ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅಂದ್ರಿ. ನನಗೆ ಅಷ್ಟು ಸಾಕು."

ಅವನು ಪಕ್ಕದಲ್ಲಿ ಕೂತು ತಾನೂ ಒಂದು ಹಿಡಿ ಬೀನ್ಸ್ ತೆಗೆದುಕೊಂಡು ನಾರು ಬಿಡಿಸತೊಡಗಿದ.

"ಆ ಷೇರು ಮಾರಿಕೊಡಿ," ಎಂದರು ಅತ್ತೆ. "ನಮ್ಮ ಬೀದಿ ಕೊನೇಲಿ ಗಡಿಯಾರ ರಿಪೇರಿಯವನ ಪಕ್ಕದ ಕೋಣೆ ಖಾಲಿ ಬಿದ್ದಿದೆ. ಮುಂಗಡಕ್ಕೆ, ಸುಣ್ಣಬಣ್ಣಕ್ಕೆ ಅದು ಆಗತ್ತೆ. ಬಾಡಿಗೆಗೆ ಬಾಂಡಿನ ಬಡ್ಡಿ ಇದೆ. ಒಂದೇ ಮಂಚ ಹಿಡಿಯೋದು. ಸದ್ಯಕ್ಕೆ ಒಂದೇ ಇರ್ಲಿ."

"ಇನ್ನೂ ಏರಬಹುದೇನೋ, ಅತ್ತೆ..." ಅಭ್ಯಾಸಬಲದಿಂದ ಬಾಯಿಗೆ ಬಂದೇಬಿಟ್ಟಿತು.

"ಏರ್ಲಿ ಬಿಡಿ, ಪಾಪ. ಅದರ ಪಾಡಿಗೆ ಅದು ಏರ್ತಾ ಇರ್ಲಿ," ಎಂದು ಅತ್ತೆ ನಕ್ಕರು. ಹಜಾರದಲ್ಲಿದ್ದ ಹೆಂಡತಿ, ಏನಾಯಿತೆಂದು ಬಂದು ಇಣುಕಿದಳು.

ಬೀಗದಕೈ ಸಿಕ್ಕ ದಿನ ಅವನು ರಜೆ ಹಾಕಿದ. ತುಕ್ಕು ಹಿಡಿದ ಷಟರನ್ನು ಅವನೂ ಗಡಿಯಾರ ರಿಪೇರಿಯವನೂ ಹೆಗಲು ಕೊಟ್ಟು ಮೇಲೆತ್ತಿದರು. ಬಿಸಿಲು ಒಳಗಿನ ಬರಿನೆಲದ ಮೇಲೆ ಚಾಪೆ ಹಾಸಿದಂತೆ ಬಿತ್ತು. ಅವನು ಮಂಚಕ್ಕೆ ಜಾಗ ಅಳೆಯುತ್ತಿದ್ದರೆ ಅತ್ತೆ ನೆಟ್ಟಗೆ ಮೂಲೆಯ ತೊಟ್ಟಿಗೆ ನಡೆದು ನಲ್ಲಿ ತಿರುಗಿಸಿದರು. ನಲ್ಲಿ ಕೆಮ್ಮಿತು, ಕೆಂಪಗೆ ಉಗುಳಿತು. ಅತ್ತೆ ಆಪರೇಷನ್ನಿಗೆ ಮೊದಲು ಕೈ ತೊಳೆಯಲು ನಿಂತವರಂತೆ ರವಿಕೆಯ ತೋಳನ್ನು ಮೊಣಕೈ ಮೇಲಕ್ಕೆ ಮಡಿಸಿಕೊಂಡು, ಕೈ ಚಾಚಿ, ನೀರು ತಿಳಿಯಾಗುವುದನ್ನೇ ನೋಡುತ್ತ ನಿಂತರು.