ಬಲಗೈ ಕಡೆಯ ಅಳಿವೆ

"ಇದ್ ನಮ್ಮೂರಲ್ಲ ಹೆಣ್ಣೆ," ಎಂದು ಗಿರಿಜಮ್ಮ ಚಿತ್ರದ ಕಾರ್ಡನ್ನು ಊಟದ ಮೇಜಿನ ಮೇಲೆ ಇಟ್ಟುಬಿಟ್ಟರು.

ಮೇಜಿನ ಸುತ್ತ ಕುಳಿತ ಮೂವರ ಮುಖವೂ ಒಟ್ಟಿಗೇ ಇಳಿಯಿತು. ಹೆಚ್ಚು ಇಳಿದದ್ದು ಮೊಮ್ಮಗಳು ಮನಸ್ವಿನಿಯದು. ಅಹ್ಮದಾಬಾದಿನಲ್ಲಿ ಓದುವ ಹುಡುಗಿ. ಸಾಬರಮತಿ ದಂಡೆಯ ಭಾನುವಾರದ ಗುಜರಿ ಸಂತೆಯಲ್ಲಿ, ತುಕ್ಕು ಹಿಡಿದ ಬೀಗ, ಕಿವಿ ಮುರಿದ ಪಿಂಗಾಣಿ ಕಪ್ಪುಗಳ ನಡುವೆ ಇದನ್ನು ಹೆಕ್ಕಿ, ಪುಸ್ತಕದೊಳಗಿಟ್ಟು, ರೈಲಿನಲ್ಲಿ ಸೂರತ್ತಿನವರೆಗೂ ಸುಕ್ಕಾಗದ ಹಾಗೆ ತಂದಿದ್ದಳು. ಹಳದಿಗಟ್ಟಿದ ದಪ್ಪ ಕಾಗದ. ಅದರ ಮೇಲೊಂದು ಕಪ್ಪುಬಿಳುಪು ಫೋಟೋ. ದೋಣಿ ತಂಗುವ ಕಲ್ಲು ಕಟ್ಟಿದ ದಕ್ಕೆ, ಹಾಯಿ ಇಳಿಸಿದ ಎರಡು ಮಂಜಿ ಹಡಗುಗಳು, ಪಕ್ಕದಲ್ಲಿ ಹೆಂಚಿನ ಮಾಡಿನ ಅಂಗಡಿ, ದೂರದಲ್ಲಿ ಹೊಳೆ ಸಮುದ್ರಕ್ಕೆ ಬೀಳುವ ಅಳಿವೆ. ಮೀನಿನ ಬುಟ್ಟಿ ಹೊತ್ತ ಹೆಂಗಸೊಬ್ಬಳು ಬೆನ್ನು ತಿರುಗಿಸಿ ನೀರು ನೋಡುತ್ತಿದ್ದಾಳೆ. ಕೆಳಗೆ ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ಪಡುಗೋಳಿ ಬಂದರು ಎಂದು ಅಚ್ಚಾಗಿದೆ.

"ಅಜ್ಜಿ, ನಾನು ನೇಮ್ ನೋಡಿನೇ ತಗೊಂಡಿದ್ದು. ಪಡುಗೋಳಿ ಅಂದ್ರೆ ನಿಮ್ದೇ ಅಲ್ವಾ?"

"ಹೆಸ್ರ್ ನಮ್ದೇ. ಊರ್ ನಮ್ದಲ್ಲ. ದಕ್ಕೆಯಗೆ ನಿಂತ್ಕಂಡ್ ನೀರಿಗೆ ಮುಖ ಮಾಡಿರೆ ಅಳಿವೆ ಬಲ್ಗೈ ಬದಿಗೆ ಇಪ್ಪುದು. ಇಲ್ಲ್ ಕಾಣ್, ಎಡ್ಗೈ ಬದಿಗಿತ್ತ್. ಮತ್ತೆ ಈ ಹೆಂಗ್ಸಿನ ಸೆರಗ್ ಕಾಣ್, ಬಲದ ಹೆಗ್ಲ್ ಮೇಲೆ. ನಮ್ಮ ಬದಿಯಗೆ ಯಾರ್ ಹಾಂಗ್ ಉಡ್ತ್ರ್? ಇದ್ ಇಲ್ಲಿದ್ದೇ ಬಂದ್ರ್, ಗುಜರಾತಿಂದ್."

ಸೂರತ್ತಿನಲ್ಲಿ ಬಲ ಹೆಗಲಿನ ಸೆರಗು ನೋಡಿ ನೋಡಿ ಕಣ್ಣು ಒಗ್ಗಿಹೋಗಿದ್ದ ಉಳಿದವರಿಗೆ ಅದು ಕಂಡೇ ಇರಲಿಲ್ಲ. ಮಗ ನಿತೇಶ್ ಕಾರ್ಡನ್ನು ಎತ್ತಿ ಬೆಳಕಿಗೆ ಹಿಡಿದ. ಪಾಂಡೇಸರಾದ ಸೀರೆ ಮಿಲ್ಲೊಂದರಲ್ಲಿ ಪ್ರಿಂಟಿಂಗ್ ಮಾಸ್ಟರ್ ಅವನು. ಅಚ್ಚಾದದ್ದರ ಮೇಲೆ ಅವನಿಗೆ ದೇವರಿಗಿಂತ ಹೆಚ್ಚು ನಂಬಿಕೆ.

"ಹೆಸರೇ ಪ್ರಿಂಟ್ ಆಗಿದೆಯಲ್ಲಮ್ಮಾ. ಅಂಗೈ ಹುಣ್ಣಿಗೆ ಕನ್ನಡಿ ಬೇಕಾ?"

"ಅಚ್ಚ್ ಮಾಡಿದವ ಪಡುಗೋಳಿಯಗೆ ಹುಟ್ಟಿದ್ನಾ? ನಾ ಹುಟ್ಟಿದ್ದ್."

"ನೋಡು, ತಾನು ಹಿಡಿದ ಮೊಲಕ್ಕೆ ಮೂರೇ ಕಾಲು," ಎಂದು ನಿತೇಶ್ ನಕ್ಕ. ಆದರೆ ನಗುತ್ತಲೇ ಹೆಂಡತಿಯ ಕಡೆ ಒಂದು ನೋಟ ಹಾಯಿಸಿದ. ರಜನಿಯೂ ಹಾಗೇ ನೋಡಿದಳು. ಆ ನೋಟ ತನ್ನ ತಲೆಯ ಮೇಲಿಂದ ಹೋಗಿ ಬಂದದ್ದನ್ನು ಗಿರಿಜಮ್ಮ ಗಮನಿಸಿದರು. ಕಣ್ಣಿನ ಪೊರೆ ತೆಗೆಸಿದ ಮೇಲೆ ಅವರಿಗೆ ಇಂಥದ್ದೆಲ್ಲ ಚೆನ್ನಾಗಿಯೇ ಕಾಣುತ್ತಿತ್ತು.

ನೋಟಕ್ಕೆ ಕಾರಣವಿರಲಿಲ್ಲ ಎನ್ನುವಂತಿಲ್ಲ. ಹೋದ ತಿಂಗಳು ಹಾಲು ಒಲೆಯ ಮೇಲಿಟ್ಟು ಮರೆತು ಪಾತ್ರೆಯ ತಳ ಸುಟ್ಟಿತ್ತು. ಬಿಪಿ ಮಾತ್ರೆ ನುಂಗಿದೆನೋ ಇಲ್ಲವೋ ಎಂದು ದಿನಕ್ಕೆರಡು ಸಲ ಕೇಳುವುದು ಅಭ್ಯಾಸವಾಗಿತ್ತು. ಕೆಳಗಿನ ಮನೆಯ ಕೋಕಿಲಾಬೆನ್‌ಳನ್ನು ಒಮ್ಮೆ ಸತ್ತುಹೋದ ಅವಳ ಅತ್ತೆಯ ಹೆಸರು ಹಿಡಿದು ಕರೆದಿದ್ದರು. ಅರವತ್ತಕ್ಕೆ ಅರಳುಮರಳು ಎನ್ನುತ್ತಾರೆ, ಗಿರಿಜಮ್ಮನಿಗೆ ಎಪ್ಪತ್ತೆಂಟು. ಈಗ ಹುಟ್ಟಿದ ಊರನ್ನೇ ನನ್ನದಲ್ಲ ಎಂದರೆ ಮಗ ಸುಮ್ಮನಿರುತ್ತಾನೆಯೇ?

ಆ ಸಂಜೆ ಅಡುಗೆಮನೆಯಲ್ಲಿ ರಜನಿ ತಗ್ಗಿದ ದನಿಯಲ್ಲಿ, "ಹಾಲು ಮರೆಯೋದು ಬೇರೆ ರೀ. ಇದು ಬೇರೆ," ಎಂದಳು. "ಶನಿವಾರಕ್ಕೆ ಡಾಕ್ಟರ ಹತ್ರ ಹೇಳಿ ಇಡ್ತೀನಿ," ಎಂದ ನಿತೇಶ್. ತಗ್ಗಿದ ದನಿ ಅವರಿದ್ದ ಅಡಾಜಣ್ ಬಡಾವಣೆಯ ಫ್ಲಾಟುಗಳ ತೆಳುಗೋಡೆಗೆ ಯಾವ ಲೆಕ್ಕ!

ಮನಸ್ವಿನಿ ಕಾಲೇಜಿಗೆ ಹಿಂದಿರುಗುವ ಮೊದಲು ಕಾರ್ಡನ್ನು ಅಜ್ಜಿಯ ಕೋಣೆಯ ಗೋಡೆಗೆ ಅಂಟಿಸಿದಳು. "ನೋಡ್ತಾ ನೋಡ್ತಾ ನೆನಪಾಗುತ್ತೆ ಅಜ್ಜಿ, ಟೆನ್ಷನ್ ಬೇಡ," ಎಂದು ಕೆನ್ನೆಗೊಂದು ಮುತ್ತು ಕೊಟ್ಟಳು. ಪಾಪ, ಒಳ್ಳೆಯ ಮನಸ್ಸಿನಿಂದಲೇ ಹೇಳಿದ ಮಾತು. ಗಿರಿಜಮ್ಮನಿಗೆ ಅದು ಬಾಣಲೆಯಿಂದ ಸಿಡಿದ ಎಣ್ಣೆಯಂತೆ ಚುರ್ರೆಂದಿತು.

ಮಧ್ಯಾಹ್ನ ಮಲಗಿದಾಗ ಊರಿನಲ್ಲಿ ಒಂದು ಸುತ್ತು ಹೋಗಿಬರುವುದು ಅವರ ಬಹುಕಾಲದ ರೂಢಿ. ಮದುವೆಯಾಗಿ ಸೂರತ್ತಿಗೆ ಬಂದ ಹೊಸತರಲ್ಲಿ, ಭಾಷೆ ಬಾರದೆ ಗೋಡೆ ನೋಡುತ್ತ ಕುಳಿತಾಗ ಶುರುವಾದದ್ದು. ದಕ್ಕೆಯಲ್ಲಿ ನೀರಿಗೆ ಮುಖ ಮಾಡಿ ನಿಂತರೆ ಎಡಗಡೆ ಅಪ್ಪಯ್ಯನ ಹಗ್ಗದ ಅಂಗಡಿ. ಎದುರಿಗೆ ಮೂರು ಮರದ ಕಂಬ, ಮಧ್ಯದ್ದು ಸ್ವಲ್ಪ ವಾಲಿದ್ದು. ಒಳಗೆ ತೆಂಗಿನ ನಾರಿನ ವಾಸನೆ. ಬಣ್ಣದ ಡಬ್ಬಿಯ ಮೇಲೆ ಕುಳಿತು ಅಪ್ಪಯ್ಯ ಮಂಜಿಯವರೊಡನೆ ಹರಟುತ್ತಿದ್ದರು. ಸಂಜೆ ಮಗಳು ಗಂಜಿಗೆ ಕರೆಯಲು ಹೋದರೆ, "ಅಳಿವೆ ಬದಿಗ್ ಕಾಣ್ ಮಗಾ, ಕಡೇ ಮಂಜಿ ಬಂತಾ?" ಎನ್ನುತ್ತಿದ್ದರು. ಅವಳು ಬಲಕ್ಕೆ ತಿರುಗಿ, ಕಣ್ಣಿಗೆ ಕೈ ಅಡ್ಡ ಹಿಡಿದು, ಮುಳುಗುವ ಸೂರ್ಯನ ಬೆಳಕಿನಲ್ಲಿ ನೋಡುತ್ತಿದ್ದಳು. ಬಲಕ್ಕೆ. ಖಂಡಿತ ಬಲಕ್ಕೆ.

ಈಗ ಆ ಕಾರ್ಡು ನೋಡಿದಂದಿನಿಂದ ಊರು ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಅಂಗಡಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಬರುತ್ತಿತ್ತು. ಕಾರ್ಡಿನಲ್ಲಿ ಬಲಕ್ಕಿದ್ದ ಅಂಗಡಿಗೂ ಮೂರು ಕಂಬ, ಮಧ್ಯದ್ದು ವಾಲಿದ್ದೇ; ಅದೇ ಹೆಚ್ಚು ಹೆದರಿಸಿತು. ಆ ಹೆಂಗಸಿನ ಸೆರಗೂ ಕಾಡಿತು. ಗುಜರಾತಿನವರ ಸೆರಗು ಬಲ ಹೆಗಲ ಮೇಲಿಂದ ಮುಂದಕ್ಕೆ ಇಳಿಯಬೇಕು. ಇವಳದು ಬಲ ಹೆಗಲಿನಿಂದ ಬೆನ್ನ ಹಿಂದೆ ಜೋತುಬಿದ್ದಿದೆ. ಅದು ಅತ್ತಲೂ ಇಲ್ಲ, ಇತ್ತಲೂ ಇಲ್ಲ, ಎಲ್ಲಿಯದೂ ಅಲ್ಲದ ಉಡುಗೆ.

ಅಪ್ಪಯ್ಯನ ಅಂಗಡಿಯನ್ನೂ ಮನೆಯನ್ನೂ ಕಡಲು ಕೊರೆದು ನುಂಗಿ ದಶಕಗಳೇ ಕಳೆದಿವೆ. ಒಂದು ಫೋಟೋ ಇಲ್ಲ. ಅಣ್ಣಂದಿರೂ ಇಲ್ಲ. ಹಳೆಯ ಪಡುಗೋಳಿ ಎನ್ನುವುದು ಈಗ ಇರುವುದು ತನ್ನ ತಲೆಯೊಳಗೆ ಮಾತ್ರ. ಆ ತಲೆಯೇ ಕೈಕೊಟ್ಟರೆ ಅಪ್ಪಯ್ಯ ಕುಳಿತುಕೊಳ್ಳುವುದೆಲ್ಲಿ? ಗಿರಿಜಮ್ಮ ದಿಂಬಿಗೆ ಮುಖ ಒತ್ತಿ, ಯಾರಿಗೂ ಕೇಳದ ಹಾಗೆ ಅತ್ತರು.

ಶನಿವಾರ ಬೆಳಿಗ್ಗೆ ಮಗ ಕಾರಿನ ಕೀಲಿ ಹಿಡಿದು ಹಾಲಿನಲ್ಲಿ ಕಾಯುತ್ತಿದ್ದ. ಗಿರಿಜಮ್ಮ ಇಳಕಲ್ ಸೀರೆ ತೆಗೆದರು. ಡಾಕ್ಟರಾದರೂ ಸರಿಯೇ, ನಾಲ್ಕು ಜನರ ಎದುರು ಹೋಗುವಾಗ ಲಕ್ಷಣವಾಗಿ ಹೋಗಬೇಕು. ಬೀರುವಿನ ನಿಲುಗನ್ನಡಿಯ ಮುಂದೆ ನಿಂತು ನೆರಿಗೆ ಸಿಕ್ಕಿಸಿ, ಸೆರಗನ್ನು ಎಡ ಹೆಗಲ ಮೇಲೆ ಎಸೆದು, ಅದು ಹಿಂದೆ ಎಷ್ಟುದ್ದ ಇಳಿಯಿತೆಂದು ಕನ್ನಡಿಯಲ್ಲಿ ಇಣುಕಿದರು.

ಕನ್ನಡಿಯೊಳಗೆ, ಅವರ ಹೆಗಲಿನಾಚೆ, ಪಡುಗೋಳಿ ಇತ್ತು.

ಎಡಕ್ಕೆ ಅಂಗಡಿ. ಬಲಕ್ಕೆ ಅಳಿವೆ. ಬುಟ್ಟಿ ಹೊತ್ತ ಹೆಂಗಸಿನ ಸೆರಗು ತನ್ನದರಂತೆಯೇ ಎಡ ಹೆಗಲಿನಿಂದ ಬೆನ್ನಿಗೆ ಇಳಿದಿತ್ತು. ಗಿರಿಜಮ್ಮ ಗಕ್ಕನೆ ತಿರುಗಿ ಗೋಡೆ ನೋಡಿದರು. ಯಾವುದೋ ಪರವೂರು. ಮತ್ತೆ ಕನ್ನಡಿಗೆ ತಿರುಗಿದರು. ನಮ್ಮೂರು! ಕೈಯಲ್ಲಿದ್ದ ಸೇಫ್ಟಿಪಿನ್ನು ಕೆಳಗೆ ಬಿತ್ತು.

"ನಿತೇಶಾ! ಓಡಿ ಬಾ ಮಾರಾಯಾ!"

ಏನೋ ಆಯಿತೆಂದು ಬೆದರಿದ ನಿತೇಶ್ ಚಪ್ಪಲಿಯಲ್ಲೇ ಒಳಗೆ ನುಗ್ಗಿದ. ಹಿಂದೆಯೇ ರಜನಿ. ಗಿರಿಜಮ್ಮ ಮಗನ ತೋಳು ಹಿಡಿದು ಕನ್ನಡಿಯ ಮುಂದೆ ನಿಲ್ಲಿಸಿದರು.

"ಗೋಡಿ ಕಾಣ್ಬೇಡ. ಕನ್ನಡಿಯಗೆ ಕಾಣ್. ಅಳಿವೆ ಯಾವ ಬದಿಗಿತ್ತ್?"

"ಬಲಕ್ಕೆ..." ಎಂದ. ಗೋಡೆಯತ್ತ ತಿರುಗಿದ, ಮತ್ತೆ ಕನ್ನಡಿ ನೋಡಿದ. ಅವನ ಬಾಯಿ ಹಾಗೇ ತೆರೆದುಕೊಂಡಿತು. "ಅರೇ, ಫಿಲ್ಮ್ ಉಲ್ಟಾ! ಫೋಟೋದ ಪ್ಲೇಟ್ ಮಗುಚಿ ಇಟ್ಟು ಪ್ರಿಂಟ್ ಹೊಡೆದಿದ್ದಾರಮ್ಮಾ. ಹೆಸರನ್ನ ಆಮೇಲೆ ಬೇರೆಯಾಗಿ ಜೋಡಿಸಿದ್ದು, ಅದಕ್ಕೇ ಅದು ಸರಿ ಇದೆ."

"ನಿಮ್ಮ ಮಿಲ್ಲಲ್ಲೂ ಸೀರೆಯ ಗಿಳಿಗಳೆಲ್ಲ ಆ ಕಡೆ ತಿರುಗಿ ಒಂದು ಲಾಟ್ ಪೂರಾ ವಾಪಸ್ ಬಂದಿತ್ತಲ್ಲ ರೀ, ಹಾಗೇನಾ?" ಎಂದಳು ರಜನಿ.

"ಹಾಗೇ. ದಿನಾ ಅದನ್ನೇ ಚೆಕ್ ಮಾಡೋನು ನಾನು. ಇದರ ಮೇಲೆ ಡೌಟೇ ಬರಲಿಲ್ಲ." ನಿತೇಶ್ ತಾಯಿಯ ಮುಖ ನೋಡಲಾರದೆ ನೆಲದಲ್ಲಿದ್ದ ಪಿನ್ನು ಹೆಕ್ಕಿದ. "ನಿನ್ನ ಮೇಲೆ ಬಂತು. ಕೋಪ ಮಾಡ್ಕೋಬೇಡಮ್ಮಾ."

ಕೋಪವೆಲ್ಲಿ ಬಂತು? ಗಿರಿಜಮ್ಮನ ಎದೆಯ ಮೇಲಿಂದ ಕಲ್ಲೊಂದು ಇಳಿದಿತ್ತು.

"ಡಾಕ್ಟರಿಗೆ ಫೋನ್ ಮಾಡಿ ಇವತ್ತು ಬೇಡ ಅಂತೀನಿ," ಎಂದ ಮಗ.

"ಎಂತಕೆ? ಹಾಲ್ ಮರ್ತದ್ದ್ ಸುಳ್ಳಾ? ಪಾತ್ರೆ ಇನ್ನೂ ಕಪ್ಪಾಯೇ ಇತ್ತ್," ಎಂದರು ಗಿರಿಜಮ್ಮ. "ಹೋಪ. ಹೆದ್ರಿಕೆ ಎಂತದ್ದೂ ಇಲ್ಲೆ ಈಗ. ನೀವ್ ಕೆಳ್ಗ್ ಹೋಯಿನಿ, ನಾ ಬತ್ತೆ."

ಇಬ್ಬರೂ ಹೊರಗೆ ಹೋದರು. ಲಿಫ್ಟಿನ ಬಾಗಿಲು ತೆರೆದ ಸದ್ದು ಕೇಳಿತು. ಗಿರಿಜಮ್ಮ ಕನ್ನಡಿಯ ಮುಂದೆಯೇ ನಿಂತಿದ್ದರು. ಬಲಕ್ಕೆ ಅಳಿವೆಯ ಬೆಳಕು ಚೆನ್ನಾಗಿ ಕಾಣುತ್ತಿತ್ತು. ಎಡಗಡೆ ಮಾತ್ರ ಅವರ ಹೆಗಲೇ ಅಡ್ಡವಾಗಿ ಅಂಗಡಿಯ ಒಂದು ಕಂಬ ಮರೆಯಾಗಿತ್ತು. ಅವರು ಸೆರಗು ಬಿಗಿ ಹಿಡಿದು, ಅಪ್ಪಯ್ಯನಿಗೆ ಕಡಲು ಕಾಣಲಿ ಎಂಬಂತೆ, ಒಂದು ಹೆಜ್ಜೆ ಪಕ್ಕಕ್ಕೆ ಸರಿದು ನಿಂತರು.